ಮಿಗಿಲು ತಂತಿ

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಹುಡುಗನ ವಯಸ್ಸಿಗಿಂತ ಮೊದಲು ಮನೆಯ ವಯಸ್ಸು ಕೇಳುತ್ತಾರೆ. ಹುಡುಗನಿಗೆ ಮೂವತ್ತಾಗಿದ್ದರೂ ನಡೆಯುತ್ತದೆ. ಮನೆಗೆ ಮೂವತ್ತಾಗಿದ್ದರೆ ಮಗಳು ಅಡುಗೆಮನೆಯಿಂದ ಹಜಾರಕ್ಕೆ ಹುಳಿಯ ಪಾತ್ರೆ ಹೊತ್ತು ಹೊತ್ತೇ ಸವೆದುಹೋಗುತ್ತಾಳೆ ಎಂದು ಅವರ ಹೆದರಿಕೆ. ವರ್ಷಕ್ಕೊಂದು ದಿನ, ಕಾರ್ತಿಕದ ಮೊದಲ ಸೋಮವಾರ ಮಧ್ಯಾಹ್ನ, ಇಲ್ಲಿಯ ಪ್ರತಿ ಮನೆಯ ನಡುಮನೆಯೂ ಎರಡು ಮಾರು ಉದ್ದವಾಗುತ್ತದೆ. ಹೊರಗಿನಿಂದ ನೋಡಿದರೆ ಮನೆ ಇದ್ದ ಹಾಗೇ ಇರುತ್ತದೆ. ಒಳಗೆ ಮಾತ್ರ ಹನ್ನೆರಡು ಅಡಿ ಹೊಸ ನೆಲ. ಆ ಹೊತ್ತಿಗೆ ಒಲೆ ಆರಿಸಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಾಲು ಮೇಲಿಟ್ಟುಕೊಂಡು ಕೂರುತ್ತೇವೆ. ಸದ್ದು ಅಂಥದ್ದೇನೂ ಇಲ್ಲ, ಹಳೆಯ ಮಂಚದ ಮೇಲೆ ಯಾರೋ ಮಗ್ಗುಲಾದ ಹಾಗೆ. ಆಮೇಲೆ ಎದ್ದು ಹೊಸ ನೆಲ ಗುಡಿಸಿ, ಒಂದೆಳೆ ರಂಗೋಲಿ ಹಾಕಿ, ಸಾರು ಬಿಸಿ ಮಾಡಿಕೊಂಡು ಉಣ್ಣುತ್ತೇವೆ.

ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದೇವೆ. ಇಪ್ಪತ್ತು ದಾಟಿದ ಮನೆಯಲ್ಲಿ ಒಳಗೇ ಒಂದು ಸೈಕಲ್ ಇರುತ್ತದೆ. ಎದುರುಮನೆಗೆ ನಲವತ್ತೆರಡು ವರ್ಷ. ಅಲ್ಲಿಯ ಯಜಮಾನರು ಸ್ನಾನಕ್ಕೆ ಹೊರಟಾಗ ದಾರಿಗೆಂದು ಚಕ್ಕುಲಿ ಕಟ್ಟಿಕೊಳ್ಳುತ್ತಾರೆ ಎಂದು ನಾನೇ ಹಬ್ಬಿಸಿದ್ದೇನೆ. ಒಂದು ಅನುಕೂಲವೂ ಉಂಟು. ನಮ್ಮೂರಲ್ಲಿ ಜಗಳ ಕಡಿಮೆ. ಹಜಾರದಲ್ಲಿ ಹುಟ್ಟಿದ ಸಿಟ್ಟು ಅಡುಗೆಮನೆ ತಲುಪುವಷ್ಟರಲ್ಲಿ ಕಾಲು ನೋವು ಬಂದು ಎಲ್ಲೋ ಕೂತುಬಿಡುತ್ತದೆ.

ಇನ್ನೊಂದು ಪದ್ಧತಿ ಹೇಳಬೇಕು. ನಡುಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಲಿ, ದೀಪದ ತಂತಿಯಾಗಲಿ, ಬಿಗಿಯಾಗಿ ಕಟ್ಟುವಂತಿಲ್ಲ. ಮುಂದೆ ಬೆಳೆಯುವ ನೆಲಕ್ಕೆಂದು ಸುರುಳಿ ಸುತ್ತಿ ಗೂಟಕ್ಕೆ ತೂಗುಹಾಕುತ್ತೇವೆ. ಇದಕ್ಕೆ ಮಿಗಿಲು ಎನ್ನುತ್ತೇವೆ. ಸಾಮಾನ್ಯವಾಗಿ ಹತ್ತು ವರ್ಷದ ಮಿಗಿಲು ಬಿಡುತ್ತಾರೆ. ಬಿಟ್ಟ ಮಿಗಿಲನ್ನು ಕತ್ತರಿಸಿದರೆ ಮನೆಯ ಆಯುಸ್ಸು ಕತ್ತರಿಸಿದ ಹಾಗೆ ಎಂದು ಹಿರಿಯರು ಹೇಳುತ್ತಿದ್ದರು. ನಾನು ಇಂಥವನ್ನೆಲ್ಲ ನಂಬುವವಳಲ್ಲ, ಆದರೆ ಕತ್ತರಿಸಿಯೂ ನೋಡಿಲ್ಲ.

ನಮ್ಮ ಮನೆಗೆ ಈಗ ಹದಿನೈದು. ಕಟ್ಟಿಸಿದಾಗ ಹಜಾರದಿಂದ ಹಿಂದಿನ ಕೋಣೆಗೆ ನಲವತ್ತು ಅಡಿ ಇತ್ತು, ಈಗ ಇನ್ನೂರಿಪ್ಪತ್ತು. ಹಜಾರದ ಪಕ್ಕದ ಕೋಣೆ ನನ್ನದು. ನಾನು ನಳಿನಾಕ್ಷಿ, ಮನೆಯ ಹಿರಿಸೊಸೆ, ಅಚ್ಚುಕೂಟದವರಿಗೆ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತೇನೆ. ಅಡುಗೆಮನೆ ಪಕ್ಕದ ಹಿಂದಿನ ಕೋಣೆ ನನ್ನ ಮೈದುನ ಚಂದ್ರಚೂಡ ಮತ್ತು ಅವನ ಹೆಂಡತಿ ಇಂದುಮತಿಯದು. ಇಂದು ಎಂದೇ ನಾವು ಕರೆಯುವ ಅವಳು ಕಂಪ್ಯೂಟರ್ ಮುಂದೆ ಕೂತು ಬೇರೆ ಬೇರೆ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ನಾವು ವಾರಗಿತ್ತಿಯರು. ಹದಿನೈದು ವರ್ಷದಲ್ಲಿ ಜಗಳವಾಡಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು. ‘ಊಟ ಆಯ್ತಾ’ ಎಂದರೆ ‘ಆಯ್ತು’ ಎನ್ನುವಷ್ಟು ಮಾತು ನಮಗೆ ಸಾಕಾಗಿತ್ತು. ಸಾಕಾಗಿತ್ತು ಎಂದು ನಾನು ಅಂದುಕೊಂಡಿದ್ದೆ.

ಇಂಟರ್‌ನೆಟ್ಟಿನ ಲೈನು ಮುಂಬಾಗಿಲಿನಿಂದ ಬರುತ್ತದೆ, ಒಂದು ಬಾಗಿಲಿಗೆ ಒಂದೇ ಲೈನು ಎಂಬುದು ಇಲ್ಲಿಯ ಕಟ್ಟಳೆ. ಹಾಗಾಗಿ ವೈಫೈ ರೂಟರ್ ನನ್ನ ಕೋಣೆಯ ಗೋಡೆಯಲ್ಲೇ ಇತ್ತು. ಮೊದಲು ಇಂದುವಿಗೆ ದನಿ ಕೇಳಿಸಿದರೆ ಸಾಕಿತ್ತು, ತನ್ನ ಕೋಣೆಯ ಹೊಸ್ತಿಲಲ್ಲೇ ಕೂತು ಪಾಠ ಮಾಡುತ್ತಿದ್ದಳು. ಆಮೇಲೆ ಕೋಣೆ ಹಿಂದಕ್ಕೆ ಹೋಯಿತು, ಮಕ್ಕಳ ಮುಖವೂ ಕಾಣಬೇಕಾಯಿತು, ಅವಳ ಮೇಜು ನಡುಮನೆಗೆ ಬಂತು. ಮಕ್ಕಳು ಹನ್ನೆರಡಾದಾಗ ಮೇಜು ಇನ್ನೂ ಮುಂದೆ ಬಂತು. ಹೋದ ಆಷಾಢದ ಹೊತ್ತಿಗೆ ಅದು ನನ್ನ ಬಾಗಿಲಿನ ಪಕ್ಕದಲ್ಲೇ ನಿಂತಿತ್ತು. ಅವಳು ಅಲ್ಲಿ ಮಗ್ಗಿ ಹೇಳಿಸುವುದು, ನಾನು ಇಲ್ಲಿ ‘ಶ್ರೀಮತಿ ಮತ್ತು ಶ್ರೀ’ ಎಂದು ಕುಟ್ಟುವುದು.

ಒಂದು ದಿನ ಅಚ್ಚುಕೂಟದವರು ಮುಖ ಕೆಂಪಗೆ ಮಾಡಿಕೊಂಡು ಬಂದರು. ಮುನ್ನೂರು ಲಗ್ನಪತ್ರಿಕೆ ಅಚ್ಚಾಗಿ, ಅರ್ಧ ಹಂಚಿಯೂ ಆಗಿತ್ತಂತೆ. ಅದರಲ್ಲಿ ‘ಶುಭಮುಹೂರ್ತ: ಬೆಳಿಗ್ಗೆ ಏಳೇಳ್ಲಿ ನಲವತ್ತೊಂಬತ್ತು ಗಂಟೆಗೆ’ ಎಂದಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಇಂದು ಪಾಠದ ನಡುವೆ ಇದ್ದಳು. ಹನ್ನೆರಡು ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದನ್ನೂ ನೋಡದೆ ಕೂಗಾಡಿಬಿಟ್ಟೆ.

“ನನ್ನ ಬಾಗಿಲಲ್ಲಿ ಸ್ಕೂಲ್ ತೆಗೀಬೇಡ ಕಣೆ. ನಿಂಗೊಂದು ಕೋಣೆ ಇದೆ ಅಲ್ವ, ಅಲ್ಲಿಗೆ ಹೋಗು. ಸಿಗ್ನಲ್ ಇಲ್ಲ ಅಂದ್ರೆ ಅದು ನನ್ನ ತಪ್ಪಲ್ಲ.”

ಅವಳು ಎದುರು ಮಾತಾಡಿದ್ದರೆ ಚೆನ್ನಾಗಿತ್ತು. “ಸರಿ ಅಕ್ಕ” ಎಂದಳು. ಮಕ್ಕಳಿಗೆ ನಾಳೆ ಎಂದು ಹೇಳಿ, ಮೇಜು ಎತ್ತಿಕೊಂಡು ಇನ್ನೂರಿಪ್ಪತ್ತು ಅಡಿ ನಡೆದಳು. ಮೇಜಿನ ಒಂದು ಕಾಲು ನೆಲಕ್ಕೆ ಕೆರೆಯುತ್ತಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ನಾಲ್ಕು ದಿನ ಪಾಠ ನಡೆಯಲಿಲ್ಲ. ಐದನೆಯ ದಿನ ಚಂದ್ರಚೂಡ ಬಂದು ನನ್ನ ಬಾಗಿಲಲ್ಲಿ ನಿಂತ.

“ಅತ್ತಿಗೆ, ಹಿಂದಿನ ಬೀದಿಗೊಂದು ಬಾಗಿಲು ತೆಗೆಸೋಣ ಅಂತ. ಆಗ ಇಂದೂಗೆ ಬೇರೆ ಲೈನ್ ಸಿಗುತ್ತೆ. ಭಾನುವಾರಕ್ಕೆ ಮೇಸ್ತ್ರಿ ಸಣ್ಣೀರಪ್ಪಂಗೆ ಹೇಳಿದೀನಿ.”

“ಬಾಗಿಲು ತೆಗೆದ್ರೆ ಗೋಡೆ?” ಎಂದೆ.

“ಗೋಡೆನೂ ಹಾಕ್ಬೇಕಾಗುತ್ತೆ, ಒಂದು ಮನೆಗೆ ಎರಡು ಬೀದಿಬಾಗಿಲು ಇರೋ ಹಾಗಿಲ್ವಲ್ಲ” ಎಂದು ಅವನು ನೆಲ ನೋಡಿದ.

ನಮ್ಮೂರಿನಲ್ಲಿ ಗೋಡೆ ಹಾಕುವುದು ಅವಮಾನದ ಸಂಗತಿಯಲ್ಲ. ಹೋಳಿಗೆ ಮಾಡಿ ಹಂಚುತ್ತಾರೆ. ನಡುಮನೆಗೆ ಅಡ್ಡ ಗೋಡೆ ಎದ್ದರೆ ಒಂದು ಮನೆ ಎರಡಾಗುತ್ತದೆ, ಎರಡಕ್ಕೂ ವಯಸ್ಸು ಸೊನ್ನೆಯಿಂದ ಶುರು. ಆದರೆ ಒಮ್ಮೆ ಎದ್ದ ಗೋಡೆಯ ಮೇಲೆ ಒಂದು ಕಾರ್ತಿಕ ಸೋಮವಾರ ಕಳೆಯಿತೆಂದರೆ ಆಮೇಲೆ ಒಡೆದು ಪ್ರಯೋಜನವಿಲ್ಲ. ಒಡೆದವರಿದ್ದಾರೆ. ಆಚೆ ಬೀದಿ ಕಾಣುತ್ತದೆ, ಆ ಇನ್ನೊಂದು ಮನೆಯಲ್ಲ. ಅಲ್ಲಿಗೆ ಹೋಗಬೇಕಾದರೆ ಮೂರು ಬೀದಿ ಸುತ್ತಿ, ಚಪ್ಪಲಿ ಕಳಚಿ, ನೆಂಟರ ಹಾಗೆ ಬಾಗಿಲು ತಟ್ಟಬೇಕು.

ನಮ್ಮ ಯಜಮಾನರನ್ನು ಕೇಳಿದೆ. “ಅವರಿಷ್ಟ ಕಣೆ” ಎಂದು ಪೇಪರ್ ಮಡಿಸಿದರು. ಭಾನುವಾರಕ್ಕೆ ಆರು ದಿನ ಇತ್ತು, ಆ ಭಾನುವಾರದ ಮರುದಿನವೇ ಕಾರ್ತಿಕದ ಮೊದಲ ಸೋಮವಾರ. ನನಗೆ ಗೋಡೆ ಬೇಡವಾಗಿತ್ತು. ಇಂದುವಿಲ್ಲದ ಮನೆ ನನಗೆ ಬೇಡವಾಗಿತ್ತು. ಇದು ನನಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಆ ದಿನ ಗೊತ್ತಾಯಿತು. ಹಾಗೆಂದು ಅವಳ ಮುಂದೆ ಹೋಗಿ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಹಿರಿಸೊಸೆಯ ನಾಲಿಗೆ ಬೈಯುವುದಕ್ಕೆ ಏಳುವಷ್ಟು ಸಲೀಸಾಗಿ ಬೇರೆ ಯಾವುದಕ್ಕೂ ಏಳುವುದಿಲ್ಲ. ಹಾಗಾಗಿ ಚೀಲ ತೆಗೆದುಕೊಂಡು ಮೆಹಬೂಬ್ ಸಾಬರ ಅಂಗಡಿಗೆ ಹೋದೆ.

ಸಾಬರು ಹಿಂದೆ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಈಗ ಅಂಗಡಿಯಿಟ್ಟು ಊರಿನ ಇಂಟರ್‌ನೆಟ್ ನೋಡಿಕೊಳ್ಳುತ್ತಾರೆ. ನನ್ನ ಕಥೆ ಕೇಳಿ, ಇನ್ನೊಂದು ರೂಟರ್ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ಹಿಂದಿನ ಕೋಣೇಲಿ ಇಡೋಣ. ಗಾಳೀಲೇ ಒಂದರಿಂದ ಒಂದಕ್ಕೆ ದಾಟಿಸಬಹುದು, ಆದ್ರೆ ನಿಮ್ಮ ನಡುಮನೆ ಉದ್ದಕ್ಕೆ ಅದು ದಾರೀಲೇ ಚೆಲ್ಲಿಹೋಗುತ್ತೆ. ತಂತಿ ಎಳೆದು ಎರಡನ್ನೂ ಜೋಡಿಸೋದೇ ಸರಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡೋಣ. ಆಗ ಫೋನ್ ಹಿಡ್ಕೊಂಡು ಈ ತುದಿಯಿಂದ ಆ ತುದಿಗೆ ನಡೆದ್ರೂ ಅದಕ್ಕೆ ಒಂದೇ ಮನೆ ಅನ್ನಿಸುತ್ತೆ.”

“ಅಷ್ಟೇನಾ?”

“ಇನ್ನೊಂದಿದೆ. ಮನೆಗೆ ಬಂದ ಫೋನು, ಕಂಪ್ಯೂಟರಿಗೆಲ್ಲ ಒಂದೊಂದು ನಂಬರ್ ಕೊಡಬೇಕು, ಪಂಕ್ತೀಲಿ ಎಲೆ ತೋರಿಸಿ ಕೂರಿಸ್ತಾರಲ್ಲ, ಹಂಗೆ. ಆ ಕೆಲಸ ಒಂದು ರೂಟರ್ ಮಾತ್ರ ಮಾಡಬೇಕು. ಎರಡೂ ಮಾಡೋಕೆ ನಿಂತ್ರೆ ಒಂದೇ ಎಲೆಗೆ ಇಬ್ಬರನ್ನ ಕೂರಿಸ್ತವೆ, ಇಬ್ಬರಿಗೂ ಊಟ ಇಲ್ಲ.”

“ಹಾಗಾದ್ರೆ ದೊಡ್ಡದು ಮಾಡ್ಲಿ, ಚಿಕ್ಕದು ಸುಮ್ನೆ ಇರಲಿ” ಎಂದೆ.

ಸಾಬರು ನಕ್ಕರು. “ಸುಮ್ನೆ ಇರಲ್ಲಮ್ಮ. ಬಡಿಸೋದೆಲ್ಲ ಅದೂ ಬಡಿಸುತ್ತೆ. ಯಾರು ಎಲ್ಲಿ ಕೂರಬೇಕು ಅಂತ ಮಾತ್ರ ಹೇಳಲ್ಲ.”

ಹದಿನೈದು ವರ್ಷದಿಂದ ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂದು ಹೇಳುತ್ತ ಬಂದವಳು ನಾನು. ಬಡಿಸಿದವಳು ಯಾರು ಎಂದು ಒಮ್ಮೆಯೂ ನೋಡಿರಲಿಲ್ಲ. ಸಾಬರಿಗೆ ಇದೆಲ್ಲ ಹೇಳಲಿಲ್ಲ, ತಂತಿ ಕೊಡಿ ಎಂದೆ.

ಗುರುವಾರ ಸಾಬರು ಒಂದು ದೊಡ್ಡ ಡಬ್ಬ ತಂತಿ ಹೊತ್ತುಕೊಂಡು ಬಂದರು. ಇಂದು ಅಡುಗೆಮನೆಯಲ್ಲಿದ್ದಳು. ಹಿಂದಿನ ಕೋಣೆಯಲ್ಲಿ ಒಂದು ಡಬ್ಬಿ ಇಡುತ್ತೇವೆ ಎಂದಾಗ ‘ಇಡಿ’ ಎಂದಳು, ಅಷ್ಟೇ. ಸಾಬರು ಸ್ಟೂಲಿನ ಮೇಲೆ ಹತ್ತಿ ತಂತಿಗೆ ಮೊಳೆ ಹೊಡೆಯುತ್ತ ಹೋದರು, ನಾನು ಕೆಳಗಿನಿಂದ ಎಳೆದುಕೊಡುತ್ತ ಹೋದೆ. ನಡುಮನೆಯ ಮಧ್ಯಕ್ಕೆ ಬಂದಾಗ ಅವರು ಪದ್ಧತಿಯಂತೆ ಕೇಳಿದರು.

“ಮಿಗಿಲು ಎಷ್ಟು ಬಿಡ್ಲಮ್ಮ? ಹತ್ತು ವರ್ಷದ್ದು?”

“ಕತ್ತರಿಸಲೇಬೇಡಿ ಸಾಬ್ರೆ. ಡಬ್ಬದಲ್ಲಿ ಇರೋದೆಲ್ಲ ಇರಲಿ.”

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಟೆಲಿಫೋನ್ ತಂತಿ ಎಷ್ಟು ಉದ್ದವಿದ್ದರೂ ಮಾತು ಹೋಗುತ್ತಿತ್ತು, ಇದೂ ಹೋಗುತ್ತದೆ ಬಿಡಿ ಎಂದರು. ಉಳಿದ ತಂತಿಯನ್ನೆಲ್ಲ ಇಬ್ಬರೂ ಸೇರಿ ಸುರುಳಿ ಸುತ್ತಿ ನಡುಮನೆಯ ಗೂಟಕ್ಕೆ ತೂಗುಹಾಕಿದೆವು. ಲಾರಿಯ ಚಕ್ರದಷ್ಟು ದಪ್ಪದ ಸುರುಳಿ. ಗೂಟ ಸ್ವಲ್ಪ ಬಾಗಿತು. ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಎರಡನೆಯ ರೂಟರಿಗೆ ತಂತಿ ಸಿಕ್ಕಿಸಿದರು. ದೀಪ ಹತ್ತಲಿಲ್ಲ. ಬೇರೆ ತೂತಿಗೆ ಸಿಕ್ಕಿಸಿದರು, ಹತ್ತಲಿಲ್ಲ. ರೂಟರನ್ನೇ ಮುಂದೆ ತಂದು ಮೊದಲನೆಯದರ ಪಕ್ಕ ಇಟ್ಟು ಗೇಣುದ್ದದ ತಂತಿ ಹಾಕಿ ನೋಡಿದರೆ ಹಸಿರು ದೀಪ ಚೆನ್ನಾಗಿಯೇ ಹತ್ತಿತು. ನಂಬರ್ ಕೊಡುವ ಕೆಲಸ ನಿಲ್ಲಿಸಿದ್ದರು, ಹೆಸರು ಒಂದೇ ಇತ್ತು, ಎಲ್ಲ ಸರಿಯಿತ್ತು. ಹಿಂದೆ ಒಯ್ದರೆ ಮತ್ತೆ ಕತ್ತಲೆ. ಶುಕ್ರವಾರ ಎರಡೂ ತುದಿಯ ಪಿನ್ನು ಬದಲಾಯಿಸಿದರು. ಹತ್ತಲಿಲ್ಲ. ನಲವತ್ತು ವರ್ಷ ತಂತಿ ಎಳೆದ ಮನುಷ್ಯ ತಲೆಯ ಮೇಲೆ ಕೈ ಹೊತ್ತು ನಡುಮನೆಯ ಬೆಂಚಿನ ಮೇಲೆ ಕೂತರು. “ಈ ಮನೆಗೆ ಒಗ್ತಿಲ್ಲವೇನೋಮ್ಮ” ಎಂದರು. ನನಗೆ ಅಳು ಬಂತು. ಕಾಫಿ ತರುತ್ತೇನೆ ಎಂದು ಹೇಳಿ ಎದ್ದುಹೋದೆ.

ಶನಿವಾರ ಬೆಳಿಗ್ಗೆ ಸಾಬರು ಕೊನೆಯ ಸಲ ನೋಡುತ್ತೇನೆ ಎಂದು ಬಂದಿದ್ದರು. ಅಡುಗೆಮನೆಯ ಕಡೆಯಿಂದ ಇಂದು ನಡೆದು ಬರುವುದು ಕಾಣಿಸಿತು. ನಮ್ಮಂಥ ಮನೆಯಲ್ಲಿ ಯಾರಾದರೂ ಬರುವುದು ಬಹಳ ಹೊತ್ತು ಕಾಣಿಸುತ್ತದೆ, ಮುಖಕ್ಕೆ ಏನು ಹಾಕಿಕೊಳ್ಳಬೇಕು ಎಂದು ಯೋಚಿಸುವುದಕ್ಕೆ ಸಮಯ ಸಿಗುತ್ತದೆ. ಅವಳು ಗೋಡೆಯ ಮೇಲಿನ ತಂತಿಯನ್ನೇ ನೋಡುತ್ತ ಬಂದು ಸುರುಳಿಯ ಮುಂದೆ ನಿಂತಳು. ಕೈಯಲ್ಲಿ ತಂತಿಯ ಡಬ್ಬದೊಳಗೆ ಇದ್ದ ಕಾಗದವಿತ್ತು. ನಾನೂ ಸಾಬರೂ ಅದನ್ನು ಓದಿಯೇ ಇರಲಿಲ್ಲ.

“ಸಾಬ್ರೆ, ಇದು ಮುನ್ನೂರು ಅಡಿ ದಾಟಿದ್ರೆ ಕೆಲಸ ಮಾಡೋ ಭರವಸೆ ಇಲ್ಲ ಅಂತ ಇದರಲ್ಲಿ ಬರೆದಿದೆ. ಡಬ್ಬದಲ್ಲಿ ಎಷ್ಟಿತ್ತು?”

“ಸಾವಿರ ಅಡಿ.” ಸಾಬರು ಹಣೆ ಬಡಿದುಕೊಂಡರು. “ಟೆಲಿಫೋನ್ ಬುದ್ಧಿ ನಂದು.”

“ಇನ್ನೂರಿಪ್ಪತ್ತು ಅಡಿಗೆ ಸಾವಿರ ಅಡಿ ಯಾಕೆ ಹಾಕಿದ್ರಿ?”

“ನಾನು ಹತ್ತು ವರ್ಷದ ಮಿಗಿಲು ಸಾಕು ಅಂದೆ. ಅಕ್ಕಾವ್ರು ಪೂರ್ತಿ ಇರಲಿ ಅಂದ್ರು.”

ಇಂದು ಸುರುಳಿಯ ಮೇಲೆ ಕೈಯಿಟ್ಟಳು. ಲೆಕ್ಕದ ಮೇಡಂ ಅವಳು, ತುಟಿ ಅಲ್ಲಾಡುವುದು ಕಂಡಿತು. ಸಾವಿರದಲ್ಲಿ ಇನ್ನೂರಿಪ್ಪತ್ತು ಕಳೆದಳು, ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕ, ಇದು ಅರವತ್ತೈದು ವರ್ಷದ ಮಿಗಿಲು.”

“ಇರಬಹುದು” ಎಂದೆ.

“ನಿಮಗೀಗ ನಲವತ್ತೇಳು.”

“ಗೊತ್ತು ಕಣೆ.”

“ನೂರಾ ಹನ್ನೆರಡು ವರ್ಷ ಆಗೋವರೆಗೂ ನನ್ನ ಜೊತೆ ಒಂದೇ ಮನೇಲಿ ಇರೋ ಲೆಕ್ಕ ಹಾಕಿದೀರಾ?”

ನಾನು ಲೆಕ್ಕ ಹಾಕಿರಲಿಲ್ಲ. ಲೆಕ್ಕದಲ್ಲಿ ನಾನು ಯಾವಾಗಲೂ ಹಿಂದೆ. ಕತ್ತರಿಸುವುದಕ್ಕೆ ಮನಸ್ಸು ಬರಲಿಲ್ಲ, ಅಷ್ಟೇ. ಆದರೆ ಅವಳು ಆ ಅಂಕಿಯನ್ನು ಹೇಳಿದಾಗ ಅದೇ ಸರಿಯಾದ ಅಂಕಿ ಅನ್ನಿಸಿತು. “ಹೂಂ” ಎಂದೆ. ಆಮೇಲೆ, “ಆವತ್ತು ಮಕ್ಕಳ ಮುಂದೆ ಹಾಗೆ ಕೂಗಾಡಿದ್ದು ತಪ್ಪಾಯ್ತು ಇಂದು” ಎಂದೆ. ಸಾಬರು ಎದ್ದು ಮುಂದಿನ ರೂಟರಿನ ಧೂಳು ಒರೆಸಲು ಹೋದರು, ಒಳ್ಳೆಯ ಮನುಷ್ಯ.

ಇಂದು ಕೈಯಲ್ಲಿದ್ದ ಕಾಗದವನ್ನು ಮತ್ತೊಮ್ಮೆ ನೋಡಿದಳು. “ಮುನ್ನೂರರ ಒಳಗೆ ಇರಬೇಕು ಅಂದ್ರೆ ಆರು ವರ್ಷದ್ದು ಬಿಡಬಹುದು. ಮಿಕ್ಕಿದ್ದು ಕತ್ತರಿಸಲೇಬೇಕು” ಎಂದಳು.

“ಮಿಗಿಲು ಕತ್ತರಿಸಬಾರದು ಅಂತಾರಲ್ಲೆ.”

“ಕತ್ತರಿಸದಿದ್ರೆ ದೀಪ ಹತ್ತಲ್ಲ ಅಕ್ಕ.”

ಸಾಬರ ಕತ್ತರಿ ಅಂಗಡಿಯಲ್ಲೇ ಉಳಿದಿತ್ತು. ಇಂದು ಅಡುಗೆಮನೆಯಿಂದ ಈಳಿಗೆಮಣೆ ತಂದಳು. ನಡುಮನೆಯ ನೆಲದ ಮೇಲೆ ನಾನು ಮಣೆಯ ಮೇಲೆ ಕೂತೆ, ಅವಳು ತಂತಿಯ ಮೇಲೆ ಅಚ್ಚಾದ ಅಡಿಯ ಗುರುತು ಓದುತ್ತ ಸರಿಯಾದ ಜಾಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಟ್ಟಳು. ಕುಂಬಳಕಾಯಿಯ ತೊಟ್ಟಿಗಿಂತ ಸುಲಭವಾಗಿ ತುಂಡಾಯಿತು. ನಾನು ಕಣ್ಣು ಮುಚ್ಚಿದ್ದೆ. ಕಣ್ಣು ತೆರೆದಾಗ ಮನೆ ಹಾಗೇ ಇತ್ತು, ಇಂದು ನನ್ನನ್ನು ನೋಡಿ ನಗುವುದನ್ನು ತಡೆದುಕೊಳ್ಳುತ್ತಿದ್ದಳು.

ಸಾಬರು ಹಿಂದಿನ ಅರ್ಧದ ತಂತಿ ಕಳಚಿ, ಆರು ವರ್ಷದ ಮಿಗಿಲು ಗೂಟಕ್ಕೆ ಬಿಟ್ಟು ಮತ್ತೆ ಎಳೆದು, ತುದಿಗೆ ಹೊಸ ಪಿನ್ನು ಹಾಕಿದರು. ಹಿಂದಿನ ಕೋಣೆಯಲ್ಲಿ ಹಸಿರು ದೀಪ ಹತ್ತಿತು. ಇಂದು ಫೋನು ಹಿಡಿದುಕೊಂಡು ಅಡುಗೆಮನೆಯಿಂದ ಹಜಾರದವರೆಗೆ ತನ್ನ ತಂಗಿಯ ಜೊತೆ ಮಾತಾಡುತ್ತ ನಡೆದಳು, ಮಾತು ಎಲ್ಲೂ ಕಡಿಯಲಿಲ್ಲ. ಸಂಜೆಗೆ ಹನ್ನೆರಡು ಮಕ್ಕಳೂ ಅವಳ ಕೋಣೆಯಲ್ಲಿ ಹಾಜರಾದರು. ಎಲ್ಲ ಸರಿಯಾಯಿತು. ಆದರೆ ಮೇಸ್ತ್ರಿಯನ್ನು ಬೇಡ ಎಂದು ಯಾರೂ ಹೇಳಲಿಲ್ಲ. ಚಂದ್ರಚೂಡ ಊಟಕ್ಕೆ ಕೂತಾಗ ಆ ಮಾತೇ ಎತ್ತಲಿಲ್ಲ. ಇಂದುವನ್ನು ಕೇಳೋಣವೆಂದರೆ ಅವಳು ಲೆಕ್ಕದ ಪುಸ್ತಕ ತೆರೆದಿದ್ದಳು. ಸಿಗ್ನಲ್ ಬಂತು ಎಂದ ಮಾತ್ರಕ್ಕೆ ಅವಳಿಗೆ ನನ್ನ ಜೊತೆ ಇರುವ ಮನಸ್ಸು ಬರಬೇಕೆಂದೇನಿದೆ? ಬೇರೆ ಬಾಗಿಲು ಬೇಕೆನ್ನುವುದಕ್ಕೆ ವೈಫೈ ಒಂದೇ ಕಾರಣವಾಗಿರಬೇಕೆಂದೂ ಇಲ್ಲ. ಅರವತ್ತೈದು ವರ್ಷದಲ್ಲಿ ಆರು ಕಳೆದು ಮಿಕ್ಕ ತಂತಿ ನಡುಮನೆಯ ಬೆಂಚಿನ ಮೇಲೆ ಬಿದ್ದಿತ್ತು.

ಭಾನುವಾರ ಎಂಟು ಗಂಟೆಗೇ ಸಣ್ಣೀರಪ್ಪ ಗಾರೆಯ ಬಾಂಡ್ಲಿ, ದಾರ, ತೂಗುಗುಂಡು ಎಲ್ಲ ತೆಗೆದುಕೊಂಡು ಬಂದ. ನಮ್ಮ ಯಜಮಾನರು ಪೇಪರ್ ಹಿಡಿದುಕೊಂಡೇ ಅವನನ್ನು ಒಳಗೆ ಬಿಟ್ಟರು. ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತೆ, ಮುಂದಕ್ಕೆ ಹೋಗುವ ಧೈರ್ಯ ಬರಲಿಲ್ಲ. ಇಂದು ನಡುಮನೆಯ ಮಧ್ಯದಲ್ಲಿ ಸೆರಗು ಸಿಕ್ಕಿಸಿಕೊಂಡು ಅವನಿಗಾಗಿ ಕಾಯುತ್ತಿದ್ದಳು.

“ಗೋಡೆ ಎಲ್ಲಿಂದ ಎಲ್ಲಿಗೆ ತಾಯಿ?” ಎಂದು ಅವನು ದಾರ ಬಿಚ್ಚಿದ.

“ಗೋಡೆ ಬೇಡ ಸಣ್ಣೀರಪ್ಪ. ನನ್ನ ಕೋಣೇಲಿ, ಬೀರುವಿನ ಪಕ್ಕ, ಒಂದು ಗೂಟ ಕೂರಿಸಿಕೊಡಬೇಕು.”

“ಒಂದು ಗೂಟಕ್ಕೆ ಇಷ್ಟು ಗಾರೆ ಹೊತ್ಕೊಂಡು ಬಂದ್ನಲ್ಲಪ್ಪ.” ಅವನು ಬಾಂಡ್ಲಿ ಕೆಳಗಿಟ್ಟ. “ಏನು ತೂಗಾಕ್ತೀರ?”

ಇಂದು ಬೆಂಚಿನ ಮೇಲಿದ್ದ ಸುರುಳಿಯನ್ನು ಎರಡೂ ತೋಳಿನಲ್ಲಿ ಅಪ್ಪಿ ಎತ್ತಿಕೊಂಡಳು. ಅವಳ ಮುಖ ಅದರ ಹಿಂದೆ ಮುಚ್ಚಿಹೋಯಿತು. “ಇದನ್ನ. ಆರು ವರ್ಷ ಆದ ಮೇಲೆ ಮಧ್ಯದಲ್ಲಿ ಇನ್ನೊಂದು ಡಬ್ಬಿ ಇಟ್ಟು, ಇದರಿಂದಲೇ ಮುಂದಕ್ಕೆ ಎಳೀಬಹುದಂತೆ. ಅಲ್ಲೀವರೆಗೂ ಹಾಳಾಗದ ಹಾಗೆ ಇರಬೇಕು.”

ಸಣ್ಣೀರಪ್ಪ ಸುರುಳಿಯನ್ನು ಒಂದು ಸಲ ಎತ್ತಿ ತೂಕ ನೋಡಿದ. “ಭಾರ ಐತೆ. ಗೂಟ ಎಷ್ಟು ವರ್ಷ ತಡೀಬೇಕು ಹೇಳಿ, ಹಂಗೆ ಗಾರೆ ಕಲಸ್ತೀನಿ.”

ಇಂದು ಸುರುಳಿಯ ಮೇಲಿಂದ ತಲೆಯೆತ್ತಿ ನಡುಮನೆಯ ಈ ತುದಿಯಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

“ಐವತ್ತೊಂಬತ್ತು ವರ್ಷ” ಎಂದಳು.